ತಲೆಗೆ ಪೆಟ್ಟು ಬಿದ್ದವರಿಗೆ ಸಿಟಿ ಸ್ಕ್ಯಾನ್: ಯಾರಿಗೆ, ಯಾವಾಗ, ಹೇಗೆ ನೋಡೋದು (ನಮ್ಮ ಉತ್ತರ ಕನ್ನಡದ ಡ್ಯೂಟಿ ಡಾಕ್ಟರ್‌ಗಳಿಗೆ)

ಇದು ರೇಡಿಯಾಲಜಿ ಓದಿದವರಿಗೆ ಬರ್ದಿದ್ದಲ್ಲ. ರಾತ್ರಿ ಎರಡು ಗಂಟೆಗೆ ತಾಲೂಕಾಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಒಬ್ರೇ ಕೂತಿರ್ತೀರಲ್ಲ, 108ರಲ್ಲಿ ಹೆದ್ದಾರಿ 66ರ ಬೈಕ್ ಆಕ್ಸಿಡೆಂಟ್ ಬಂದು ಇಳೀತದಲ್ಲ, ಅಂಥ ಡ್ಯೂಟಿ ಡಾಕ್ಟರ್‌ಗೆ, ಹೌಸ್ ಸರ್ಜನ್‌ಗೆ, ಸಿಟಿ ಟೆಕ್ನಿಷಿಯನ್‌ಗೆ. ಪುಸ್ತಕದಲ್ಲಿ ಇರೋದು ಎಲ್ಲಾ ಸೌಕರ್ಯ ಒಂದೇ ಬಿಲ್ಡಿಂಗಲ್ಲಿ ಇರೋ ಊರಿನ ಲೆಕ್ಕ, ನಮ್ಮ ಲೆಕ್ಕ ಬೇರೆ. ಕಾರವಾರದವ್ರು ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ ಓಡ್ತಾರೆ, ಭಟ್ಕಳ-ಹೊನ್ನಾವರದವ್ರು ಮಣಿಪಾಲಕ್ಕೆ, ಶಿರಸಿ-ಯಲ್ಲಾಪುರ-ಮುಂಡಗೋಡದವ್ರು ಹುಬ್ಬಳ್ಳಿಗೆ, ಊರಿನ ಮೇಲೆ 50ರಿಂದ 100ಕ್ಕೂ ಹೆಚ್ಚು ಕಿಲೋಮೀಟರ್, ಮಳೆಗಾಲದಲ್ಲಿ ಘಟ್ಟ ಕುಸಿದಿದ್ರೆ ಕೇಳೋದೇ ಬೇಡ. ಜಿಲ್ಲೆಗೊಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗ್ತಾ ಇದಾರೆ ಅನ್ನೋದು ಎಲ್ರಿಗೂ ಗೊತ್ತಿದ್ದದ್ದೇ. ಅದು ಆಗೋ ತನಕ ಸಿಟಿ ಯಾವಾಗ ಮಾಡೋದು ಅನ್ನೋದಷ್ಟೇ ಅಲ್ಲ, ಯಾವಾಗ ಮಾಡದೇ ಗಾಡಿ ಹತ್ತಿಸೋದು ಅನ್ನೋದೂ ನಮಗೆ ಗೊತ್ತಿರ್ಬೇಕು.

ಹಂತ 1: ಸಿಟಿ ರೂಮಿನ ಬಾಗಿಲು ದಾಟೋ ಮುಂಚೆ

ಮೊದಲು ಉಸಿರು, ಆಮೇಲೆ ಬಿಪಿ, ಆಮೇಲೆ ತಲೆ. ಪೆಟ್ಟು ಬಿದ್ದ ಮೆದುಳಿಗೆ ಆಕ್ಸಿಜನ್ ಕಡಿಮೆ ಆಗೋದು, ಬಿಪಿ ಇಳಿಯೋದು ಇವೆರಡೂ ಮೊದಲನೇ ಪೆಟ್ಟಿಗಿಂತ ಕೆಟ್ಟ ಎರಡನೇ ಪೆಟ್ಟು. ರಕ್ತದ ಆಕ್ಸಿಜನ್ ಸ್ಯಾಚುರೇಷನ್ 90ರ ಕೆಳಗೆ ಬಿಡ್ಬೇಡಿ, ವಯಸ್ಕರಲ್ಲಿ ಮೇಲಿನ ಬಿಪಿ 110ರ ಆಸುಪಾಸು ಇರೋ ಹಾಗೆ ನೋಡ್ಕೊಳ್ಳಿ. ಇನ್ನೊಂದು ಮಾತು, ದೊಡ್ಡವರಲ್ಲಿ ತಲೆಯ ಒಳಗಿನ ರಕ್ತಸ್ರಾವ ಒಂದರಿಂದಲೇ ಬಿಪಿ ಬಿದ್ದುಹೋಗೋದು ಅಪರೂಪ, ಹಾಗಾಗಿ ಬಿಪಿ 80 ಇದ್ರೆ ಹೊಟ್ಟೆ, ಎದೆ, ಸೊಂಟದ ಮೂಳೆ, ತೊಡೆ ನೋಡಿ, ಅಲ್ಲೆಲ್ಲೋ ರಕ್ತ ಹೋಗ್ತಾ ಇರ್ತದೆ. ತಲೆಚರ್ಮದ ಗಾಯದಿಂದ್ಲೂ ಸುಮಾರು ರಕ್ತ ಹೋಗ್ತದೆ, ಬ್ಯಾಂಡೇಜ್ ಸುತ್ತಿ ಬಿಟ್ರೆ ಸಾಲದು, ಒತ್ತಿ ಹಿಡೀರಿ ಇಲ್ಲಾ ಎರಡು ಹೊಲಿಗೆ ಹಾಕಿಬಿಡಿ.

ಕುತ್ತಿಗೆಗೆ ಕಾಲರ್. ತಲೆಗೆ ಜೋರು ಪೆಟ್ಟು ಅಂದ್ರೆ ಕುತ್ತಿಗೆಗೂ ಬಿದ್ದಿರಬಹುದು ಅಂತಲೇ ಲೆಕ್ಕ. ಶುಗರ್ ಚೆಕ್ ಮಾಡಿ, ಎಷ್ಟೋ ಸಲ ಬೈಕಿಂದ ಬಿದ್ದಿದ್ದೇ ಶುಗರ್ ಇಳಿದು.

ಆಮೇಲೆ ಜಿಸಿಎಸ್, ಅಂದ್ರೆ ಎಚ್ಚರ ಎಷ್ಟಿದೆ ಅಂತ ಅಳೆಯೋ ಗ್ಲಾಸ್ಗೋ ಕೋಮಾ ಸ್ಕೇಲ್. ಗ್ಲಾಸ್ಗೋದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಮಾಡಿದ ಅಳತೆ, ಕಣ್ಣಿಗೆ 4, ಮಾತಿಗೆ 5, ಕೈಕಾಲಿಗೆ 6, ಒಟ್ಟು 15, ಕನಿಷ್ಠ 3. ಚೀಟಿಯಲ್ಲಿ ಬರೀ "ಜಿಸಿಎಸ್ 9" ಅಂತ ಬರೀಬೇಡಿ, ಮೂರನ್ನೂ ಬೇರೆ ಬೇರೆ ಬರೀರಿ, ಮುಂದಿನ ಆಸ್ಪತ್ರೆಯವರಿಗೆ ಒಟ್ಟು ಮೊತ್ತಕ್ಕಿಂತ ಕೈಕಾಲಿನ ಸ್ಕೋರ್ ಹೆಚ್ಚು ಉಪಯೋಗ. ನಮ್ಮ ಕಡೆ ಇನ್ನೊಂದು ತೊಡಕು ಭಾಷೆದು. ಬೈತಖೋಲ್ ಬಂದರಿನ ಬೋಟಿಂದ ಬಂದವನಿಗೆ ಕನ್ನಡವೇ ಬರದೇ ಇರಬಹುದು, ಭಟ್ಕಳದ ಅಜ್ಜಿಗೆ ನವಾಯತಿ ಬಿಟ್ರೆ ಬೇರೆ ಗೊತ್ತಿಲ್ಲದಿರಬಹುದು, ಹಳಿಯಾಳದ ಕಡೆಯವ್ರು ಕೊಂಕಣಿಯಲ್ಲೇ ಉತ್ತರ ಕೊಡ್ಬಹುದು. "ಇವತ್ತು ಯಾವ ವಾರ?" ಅಂತ ಕನ್ನಡದಲ್ಲಿ ಕೇಳಿ ಉತ್ತರ ಬರ್ಲಿಲ್ಲ ಅಂತ ಮಾತಿಗೆ 4 ಕೊಟ್ಟುಬಿಟ್ರೆ ಅಲ್ಲಿಂದ ಮುಂದಿನ ಲೆಕ್ಕ ಎಲ್ಲಾ ತಪ್ಪು. ಜೊತೆಗೆ ಬಂದವರನ್ನ ಕರೆದು ಅವರ ಬಾಯಲ್ಲೇ ಕೇಳ್ಸಿ.

ನಿದ್ದೆ ಬರೋ ಇಂಜೆಕ್ಷನ್ ಏನಾದ್ರೂ ಕೊಡೋದಿದ್ರೆ ಅದಕ್ಕಿಂತ ಮುಂಚೆ ಜಿಸಿಎಸ್, ಎರಡೂ ಕಣ್ಣಿನ ಪಾಪೆ, ನಾಲ್ಕೂ ಕೈಕಾಲು ಆಡಿಸ್ತಾನಾ ಅನ್ನೋದು ಬರ್ದು ಟೈಮ್ ಹಾಕಿ. ಜಿಸಿಎಸ್ 8 ಅಥವಾ ಅದಕ್ಕಿಂತ ಕಡಿಮೆ ಇದ್ರೆ ಉಸಿರಿನ ಟ್ಯೂಬ್ ಹಾಕೋ ವಿಚಾರ ಮಾಡಿ, ಕೈ ಪಳಗದಿದ್ರೆ ಅನೆಸ್ತೆಟಿಸ್ಟರನ್ನ ಎಬ್ಬಿಸಿ, ಬೈದ್ರೆ ಬೈಲಿ. ಕುಡಿದವರ ವಿಷಯದಲ್ಲಿ ನಂದು ಒಂದೇ ನಿಯಮ: ಬಾಯಲ್ಲಿ ವಾಸನೆ ಇದೆ ಅನ್ನೋದು ಜಿಸಿಎಸ್ ಕಡಿಮೆ ಇರೋದಕ್ಕೆ ಕಾರಣ ಅಲ್ಲ, ಸಿಟಿ ನಾರ್ಮಲ್ ಅಂತ ಆದ ಮೇಲೆ ಬೇಕಾದ್ರೆ ಕುಡಿದಿದ್ದಕ್ಕೆ ಅನ್ನಿ.

ಹಂತ 2: ಯಾರಿಗೆ ಬೇಕು, ಯಾರಿಗೆ ಬೇಡ

ಜಿಸಿಎಸ್ 12 ಅಥವಾ ಕಡಿಮೆ ಇದ್ದವರ ಬಗ್ಗೆ ಚರ್ಚೆಯೇ ಇಲ್ಲ, ಸಿಟಿ ಬೇಕು. ತಲೆಬಿಸಿ ಇರೋದು 13ರಿಂದ 15ರವರದ್ದು, ಯಾಕಂದ್ರೆ ಬರೋದ್ರಲ್ಲಿ ಹೆಚ್ಚಿನವ್ರು ಇವರೇ, ಮಾತಾಡ್ತಾ ನಡ್ಕೊಂಡು ಬರ್ತಾರೆ, ಜೊತೆಗೆ ಬಂದ ಹತ್ತು ಜನ "ಡಾಕ್ಟ್ರೇ ಸ್ಕ್ಯಾನಿಂಗ್ ಮಾಡ್ಸಿಬಿಡಿ" ಅಂತ ಗಲಾಟೆ ಮಾಡ್ತಾರೆ. ಇದಕ್ಕೆ 2001ರಲ್ಲಿ ಬಂದ ಕೆನಡಾದ ಸಿಟಿ ಹೆಡ್ ರೂಲ್ ಒಳ್ಳೆ ಆಧಾರ. ಪೆಟ್ಟು ಬಿದ್ದಾಗ ಪ್ರಜ್ಞೆ ತಪ್ಪಿದ್ರೆ, ನೆನಪು ಹೋಗಿದ್ರೆ ಅಥವಾ ಗೊಂದಲ ಆಗಿದ್ರೆ ಮಾತ್ರ ಈ ರೂಲ್ ಹಚ್ಚೋದು. ಅಂಥವರಲ್ಲಿ ಇವುಗಳಲ್ಲಿ ಒಂದಿದ್ರೂ ಸಿಟಿ: ಎರಡು ಗಂಟೆ ಆದ್ರೂ ಜಿಸಿಎಸ್ 15ಕ್ಕೆ ಬಂದಿಲ್ಲ, ಬುರುಡೆ ಒಡೆದಿದೆ ಅಥವಾ ಒಳಗೆ ಕುಸಿದಿದೆ ಅನ್ನೋ ಸಂಶಯ, ಬುರುಡೆಯ ತಳ ಒಡೆದ ಲಕ್ಷಣ, ಎರಡು ಅಥವಾ ಹೆಚ್ಚು ಸಲ ವಾಂತಿ, ವಯಸ್ಸು 65 ಅಥವಾ ಮೇಲೆ. ಇವಲ್ಲದೆ ಪೆಟ್ಟಿಗಿಂತ ಮುಂಚಿನ ಅರ್ಧ ಗಂಟೆ ಅಥವಾ ಹೆಚ್ಚಿನ ನೆನಪು ಅಳಿಸಿಹೋಗಿದ್ರೆ, ಇಲ್ಲಾ ಅಪಾಯದ ರೀತಿಯಲ್ಲಿ ಪೆಟ್ಟಾಗಿದ್ರೆ. ಅಪಾಯದ ರೀತಿ ಅಂದ್ರೆ ನಡೆಯೋವಾಗ ಗಾಡಿ ಗುದ್ದಿದ್ದು, ಗಾಡಿಯಿಂದ ಹೊರಗೆ ಎಸೆಯಲ್ಪಟ್ಟಿದ್ದು, 3 ಅಡಿಗಿಂತ ಮೇಲಿಂದ ಅಥವಾ 5 ಮೆಟ್ಟಿಲಿಂದ ಬಿದ್ದಿದ್ದು.

ಈ 3 ಅಡಿ ಅನ್ನೋದನ್ನ ನಮ್ಮ ಊರಿಗೆ ಹಚ್ಚಿ ನೋಡಿ. ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಮರದಿಂದ ಬಿದ್ದ, ಮದ್ದು ಹೊಡೆಯೋಕೆ ಹತ್ತಿದವ ಜಾರಿದ, ತೆಂಗಿನ ಮರ, ಬೋಟಿನ ಮೇಲಿಂದ ಕೆಳಗಿನ ಐಸ್ ಖೋಲಿಗೆ ಬಿದ್ದಿದ್ದು, ಚಿರೇಕಲ್ಲಿನ ಗುಂಡಿ, ಇವೆಲ್ಲಾ ಆ ಪಟ್ಟಿಯ ಒಳಗೇ. ಮರದಿಂದ ಬಿದ್ದವರನ್ನ ಕಂಡ್ರೆ ನಾನು ತಲೆ ಜೊತೆಗೆ ಕುತ್ತಿಗೆದೂ ಒಂದೇ ಸಲ ಸಿಟಿ ಮಾಡಿಸ್ತೇನೆ, ಬೆನ್ನು ಮತ್ತು ಹಿಮ್ಮಡಿಯನ್ನೂ ಒತ್ತಿ ನೋಡ್ತೇನೆ.

ಕೆನಡಾ ರೂಲ್ ಹಚ್ಚಬಾರದವರು ಇದಾರೆ: 16 ವರ್ಷದೊಳಗಿನವ್ರು, ಗರ್ಭಿಣಿಯರು, ಪೆಟ್ಟಿನ ಮೇಲೆ ಫಿಟ್ಸ್ ಬಂದವ್ರು, ಒಂದು ಕಡೆ ಕೈಕಾಲು ಸೋತವ್ರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು. ಫಿಟ್ಸ್ ಬಂದವರಿಗೆ, ಕೈಕಾಲು ಸೋತವರಿಗೆ ಸೀದಾ ಸಿಟಿ. ರಕ್ತ ತೆಳು ಮಾತ್ರೆಯವರು ನಮ್ಮಲ್ಲಿ ದೊಡ್ಡ ಗುಂಪು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅಜ್ಜ ಜಾರಿ ಬಿದ್ದಿರ್ತಾರೆ, ಸಣ್ಣ ಬುಗುಟು ಅಷ್ಟೇ, ಮನೆಯವರಿಗೆ ಮಾತ್ರೆ ಹೆಸರು ಗೊತ್ತಿರಲ್ಲ, "ಹಾರ್ಟಿನ ಗುಳಿಗೆ" ಅಂತಾರೆ. ಪೂರಾ ಚೀಲ ತರ್ಸಿ ನೋಡಿ. ವಾರ್ಫರಿನ್, ಅಸಿಟ್ರಾಮ್ ಥರದ್ದು ಇದ್ರೆ ಅಜ್ಜ ಎಷ್ಟೇ ಚೆನ್ನಾಗಿ ಮಾತಾಡ್ತಿದ್ರೂ ಸಿಟಿ ಮತ್ತು ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳೋ ಐಎನ್‌ಆರ್ ಎರಡೂ ಮಾಡ್ಸಿ.

ಮಕ್ಕಳದ್ದು ಬೇರೆಯೇ. 2009ರಲ್ಲಿ ಬಂದ ಪೆಕಾರ್ನ್ ಅಧ್ಯಯನದಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನ ನೋಡಿ ನಿಯಮ ಮಾಡಿದಾರೆ. ಜಿಸಿಎಸ್ 15ಕ್ಕಿಂತ ಕಡಿಮೆ ಇದ್ರೆ, ಮಂಪರು ಅಥವಾ ಕಿರಿಕಿರಿ ಇದ್ರೆ, ಎರಡು ವರ್ಷದೊಳಗಿನ ಮಗುವಿಗೆ ಬುರುಡೆ ಒಡೆದಿದ್ದು ಕೈಗೆ ಸಿಕ್ರೆ, ದೊಡ್ಡ ಮಕ್ಕಳಲ್ಲಿ ಬುರುಡೆ ತಳ ಒಡೆದ ಲಕ್ಷಣ ಇದ್ರೆ ಸಿಟಿ, ಇಂಥವರಲ್ಲಿ ಗಂಭೀರ ಪೆಟ್ಟು ಇರೋ ಸಾಧ್ಯತೆ 4 ಶೇಕಡಾಕ್ಕೂ ಮೇಲೆ. ಒಂದೆರಡು ವಾಂತಿ, ಸ್ವಲ್ಪ ಹೊತ್ತು ಎಚ್ಚರ ತಪ್ಪಿದ್ದು, ಹಣೆ ಬಿಟ್ಟು ಬೇರೆ ಕಡೆ ಬುಗುಟು, ಇಂಥವು ಒಂದೊಂದೇ ಇದ್ರೆ ಸಾಧ್ಯತೆ 1 ಶೇಕಡಾದೊಳಗೆ, ನಾಲ್ಕರಿಂದ ಆರು ಗಂಟೆ ಕಣ್ಣೆದುರು ಇಟ್ಕೊಂಡು ನೋಡ್ಬಹುದು. ಇವ್ಯಾವೂ ಇಲ್ಲದ ಮಗುವಿಗೆ ಸಿಟಿ ಬೇಡ, ಅಪ್ಪ ಎಷ್ಟು ಒತ್ತಾಯ ಮಾಡಿದ್ರೂ. ತಲೆಯ ಒಂದು ಸಿಟಿಗೆ ಸುಮಾರು 2 ಮಿಲಿಸೀವರ್ಟ್ ವಿಕಿರಣ, ಒಂದು ವರ್ಷ ಭೂಮಿ-ಆಕಾಶದಿಂದ ಸಹಜವಾಗಿ ಸಿಗೋದರ ಆಸುಪಾಸು, ದೊಡ್ಡವರಿಗೆ ಅದೇನೂ ಅಲ್ಲ, ಮಕ್ಕಳಲ್ಲಿ ಮಾತ್ರ ಸುಮ್ಮನೆ ಕೊಡೋದು ಸರಿಯಲ್ಲ. ಗರ್ಭಿಣಿಯರಿಗೆ ಬೇಕಾಗಿದ್ರೆ ಹೆದರದೇ ಮಾಡಿ, ತಲೆ ಸಿಟಿಯಿಂದ ಹೊಟ್ಟೆಗೆ ತಲುಪೋದು ತೀರಾ ಕಡಿಮೆ.

ತಲೆಯ ಎಕ್ಸ್‌ರೇ ಬೇಡವೇ ಬೇಡ. ಎಕ್ಸ್‌ರೇ ನಾರ್ಮಲ್ ಇದ್ದೂ ಒಳಗೆ ರಕ್ತ ಇರ್ತದೆ, ಸುಮ್ನೆ ಹೊತ್ತು ಹಾಳು.

ಹಂತ 3: ಸಿಟಿ ಮೊದಲಾ, ಗಾಡಿ ಮೊದಲಾ?

ನಿಮ್ಮ ಬಿಲ್ಡಿಂಗಲ್ಲೇ ಸಿಟಿ ಇದೆ, ಪೇಶಂಟ್ ಸ್ಥಿರ ಇದಾನೆ ಅಂದ್ರೆ ಮಾಡಿ, ಸ್ಕ್ಯಾನ್ ಆಗೋದೇ ಸೆಕೆಂಡುಗಳಲ್ಲಿ, ಎತ್ತಿ ಮಲಗಿಸಿ ಇಳಿಸೋಕೇ ಜಾಸ್ತಿ ಹೊತ್ತು. ಆದ್ರೆ ನಿಮ್ಮಲ್ಲಿ ಮಶಿನ್ ಇಲ್ಲ, ಜಿಸಿಎಸ್ 8, ಅಥವಾ ಕಣ್ಣೆದುರೇ ಇಳೀತಾ ಇದೆ, ಅಥವಾ ಒಂದು ಪಾಪೆ ದೊಡ್ಡದಾಗಿ ಬೆಳಕಿಗೆ ಆಡ್ತಿಲ್ಲ ಅಂದ್ರೆ ಪಕ್ಕದೂರಿನ ಸೆಂಟರಿಗೆ ಬರೀ ಸ್ಕ್ಯಾನಿಗೋಸ್ಕರ ಕಳ್ಸಬೇಡಿ. ಅಲ್ಲಿ ಸರದಿ, ದುಡ್ಡಿನ ಮಾತು, ಫಿಲ್ಮ್, ರಿಪೋರ್ಟ್, ಮತ್ತೆ ವಾಪಸ್, ಮತ್ತೆ ರೆಫರ್. ನ್ಯೂರೋಸರ್ಜನ್ ಮತ್ತು ಸಿಟಿ ಎರಡೂ ಇರೋ ಕಡೆಗೆ ಸೀದಾ ಗಾಡಿ ಬಿಡ್ಬೇಕು, ಬಿಡೋ ಮುಂಚೆ ಫೋನ್ ಮಾಡಿ ಬೆಡ್ ಇದೆಯಾ, ವೆಂಟಿಲೇಟರ್ ಇದೆಯಾ, ಸರ್ಜನ್ ಊರಲ್ಲಿದಾರಾ ಕೇಳ್ಬೇಕು.

ಗಾಡಿ ಬರೋ ತನಕ ಮಾಡೋದು ಇಷ್ಟು. ತಲೆ ಕಡೆ 30 ಡಿಗ್ರಿ ಎತ್ತರಿಸಿ, ಕಾಲರ್ ಬಿಗಿ ಆಗಿ ಕುತ್ತಿಗೆಯ ರಕ್ತನಾಳ ಒತ್ತದ ಹಾಗೆ ನೋಡಿ. ಪೆಟ್ಟಾಗಿ 3 ಗಂಟೆಯೊಳಗೆ ಇದ್ರೆ ರಕ್ತಸ್ರಾವ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ 10 ನಿಮಿಷದಲ್ಲಿ, ಆಮೇಲೆ 1 ಗ್ರಾಂ 8 ಗಂಟೆಯಲ್ಲಿ. 2019ರ ಕ್ರಾಶ್-3 ಅಧ್ಯಯನದಲ್ಲಿ ಲಾಭ ಕಂಡಿದ್ದು ಸೌಮ್ಯ ಮತ್ತು ಮಧ್ಯಮ ಪೆಟ್ಟಿನವರಲ್ಲಿ, ಅದೂ ಬೇಗ ಕೊಟ್ಟಾಗ. ಮೆದುಳಿನ ಒತ್ತಡ ಇಳಿಸೋ ಮ್ಯಾನಿಟಾಲ್ ಎಲ್ಲರಿಗೂ ಹಾಕೋ ಬಾಟ್ಲಿ ಅಲ್ಲ, ಪಾಪೆ ದೊಡ್ಡದಾಗಿದೆ, ಜಿಸಿಎಸ್ ಬೀಳ್ತಿದೆ ಅಂದಾಗ ಮಾತ್ರ, ಬಿಪಿ ಚೆನ್ನಾಗಿದ್ದವರಿಗೆ ಮಾತ್ರ, ಮೂತ್ರದ ಪೈಪ್ ಹಾಕಿದ ಮೇಲೆ. ಬಿಪಿ ಕಡಿಮೆ ಇದ್ದವರಿಗೆ 3 ಪರ್ಸೆಂಟ್ ಸಲೈನ್ ಮೇಲು. ಡೆಕ್ಸಾ (ಒಂದು ಸ್ಟೀರಾಯ್ಡ್) ಹಾಕೋ ಹಳೇ ಚಟ ಇನ್ನೂ ಕೆಲವ್ರಿಗೆ ಹೋಗಿಲ್ಲ. 2004ರಲ್ಲೇ ಹತ್ತು ಸಾವಿರ ಜನರ ಮೇಲೆ ನೋಡಿದ ಕ್ರಾಶ್ ಅಧ್ಯಯನದಲ್ಲಿ ಸ್ಟೀರಾಯ್ಡ್ ಕೊಟ್ಟವರಲ್ಲಿ ಸಾವು ಹೆಚ್ಚಾಗಿತ್ತು, ತಲೆಪೆಟ್ಟಿಗೆ ಅದು ಬೇಡ.

ಹಂತ 4: ಸ್ಕ್ಯಾನ್ ಸರಿಯಾಗಿ ತೆಗೆಯೋದು

ಕಾಂಟ್ರಾಸ್ಟ್ (ನರಕ್ಕೆ ಕೊಡೋ ಬಣ್ಣದ ಮದ್ದು) ಇಲ್ಲದ ಪ್ಲೇನ್ ಸಿಟಿ. ಕಾಂಟ್ರಾಸ್ಟ್ ಕೊಟ್ರೆ ಅದೂ ಬೆಳ್ಳಗೆ, ರಕ್ತವೂ ಬೆಳ್ಳಗೆ, ಎರಡೂ ಕಲಸಿಹೋಗ್ತದೆ. ನೆತ್ತಿಯಿಂದ ಬುರುಡೆಯ ತಳದ ದೊಡ್ಡ ರಂಧ್ರದ ತನಕ ಪೂರ್ತಿ ಬರ್ಬೇಕು. ಹೇರ್‌ಪಿನ್, ಕಿವಿಯೋಲೆ, ಮೂಗುತಿ ತೆಗೀರಿ, ಇಲ್ಲಾಂದ್ರೆ ಬಿಳಿ ಗೆರೆಗಳು ಎಲ್ಲಾ ಮುಚ್ಚಿಬಿಡ್ತವೆ. ತಲೆ ನೇರ ಇರಲಿ. ಸ್ವಲ್ಪ ವಾಲಿದ್ರೂ ಎಡ-ಬಲ ಒಂದೇ ಥರ ಕಾಣಲ್ಲ, ಇಲ್ಲದ ಊತ ಇದ್ದ ಹಾಗೆ ಕಾಣ್ತದೆ. ಕಾಲರ್ ಹಾಗೇ ಇರಲಿ. ಪೇಶಂಟ್ ಒದ್ದಾಡ್ತಿದ್ರೆ ಮೊದಲು ಯಾಕೆ ಅಂತ ಯೋಚನೆ ಮಾಡಿ, ಆಕ್ಸಿಜನ್ ಕಡಿಮೆಯಾ, ಮೂತ್ರ ಕಟ್ಟಿದೆಯಾ, ನೋವಾ. ಆಮೇಲೂ ನಿದ್ದೆ ಇಂಜೆಕ್ಷನ್ ಬೇಕೇ ಬೇಕು ಅಂದ್ರೆ ಮಾನಿಟರ್ ಹಾಕಿ, ಉಸಿರು ನೋಡೋಕೆ ಬರೋ ಒಬ್ಬರು ಜೊತೆಗಿರಲಿ, ಒಬ್ಬನೇ ಪೇಶಂಟನ್ನ ಗ್ಯಾಂಟ್ರಿ (ಮಶಿನ್ನಿನ ಬಳೆ) ಒಳಗೆ ಬಿಟ್ಟು ಗಾಜಿನ ಹಿಂದೆ ಎಲ್ರೂ ನಿಲ್ಲೋದಲ್ಲ.

ಟೆಕ್ನಿಷಿಯನ್ ಮಿತ್ರರಿಗೆ ಒಂದು ವಿನಂತಿ, ತೆಳು ಸ್ಲೈಸ್ ಉಳ್ಸಿ, ಮೂಳೆ ಸ್ಪಷ್ಟ ಕಾಣೋ ಬೋನ್ ಆಲ್ಗಾರಿದಮಿನಲ್ಲೂ ಮಾಡಿ, ಕೊರೋನಲ್ ಮತ್ತು ಸಜಿಟಲ್ (ಎದುರಿನ ಮತ್ತು ಪಕ್ಕದ ನೋಟ) ತೆಗೆದಿಡಿ. ನೆತ್ತಿಯ ರಕ್ತ, ಬುರುಡೆ ತಳದ ಒಡಕು, ಟೆಂಟೋರಿಯಂ (ದೊಡ್ಡ ಮೆದುಳು-ಕಿರು ಮೆದುಳಿನ ನಡುವಿನ ಪರದೆ) ಮೇಲೆ ತೆಳುವಾಗಿ ಕೂತ ರಕ್ತ, ಇವು ಅಡ್ಡ ಸ್ಲೈಸಲ್ಲಿ ತಪ್ಪಿಸ್ಕೊಳ್ಳೋದು ಸಾಮಾನ್ಯ.

ಹಂತ 5: ಪರದೆ ಮುಂದೆ ಕೂತು ಓದೋದು

ಸಿಟಿಯ ಬಿಳಿ-ಕಪ್ಪಿಗೆ ಅಳತೆ ಇದೆ, ಹೌನ್ಸ್‌ಫೀಲ್ಡ್ ಯೂನಿಟ್. ಸಿಟಿ ಮಶಿನ್ ಮಾಡಿದವರು ಗ್ರಾಮಫೋನ್ ರೆಕಾರ್ಡ್ ಮಾಡ್ತಿದ್ದ ಇಎಂಐ ಕಂಪನಿಯ ಇಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್, 1971ರಲ್ಲಿ ಲಂಡನ್ನಲ್ಲಿ ಮೊದಲ ಪೇಶಂಟಿನ ತಲೆ ಸ್ಕ್ಯಾನ್ ಆಯ್ತು, 1979ರಲ್ಲಿ ಅವರಿಗೂ ಸಿಟಿಯ ಗಣಿತ ಕೊಟ್ಟ ಕಾರ್ಮ್ಯಾಕ್‌ಗೂ ನೊಬೆಲ್. ನೀರು 0, ಗಾಳಿ ಮೈನಸ್ 1000, ಕೊಬ್ಬು ಮೈನಸ್ 100ರ ಹತ್ತಿರ, ಮೆದುಳಿನ ಬಿಳಿ ಭಾಗ 25-30, ಬೂದು ಭಾಗ 35-40, ಹೊಸದಾಗಿ ಹೆಪ್ಪುಗಟ್ಟಿದ ರಕ್ತ 50ರಿಂದ 80, ಮೂಳೆ ನೂರಾರು. ಮೌಸಿಟ್ಟು ಅಳೆದ್ರೆ ಅರ್ಧ ಸಂಶಯ ಅಲ್ಲೇ ಹೋಗ್ತದೆ: ಬೆಳ್ಳಗಿರೋದು 70 ಅಂದ್ರೆ ರಕ್ತ, 200 ಅಂದ್ರೆ ಸುಣ್ಣ ಕಟ್ಟಿದ್ದು.

ವಿಂಡೋ (ಪರದೆಯಲ್ಲಿ ಬಿಳಿ-ಕಪ್ಪನ್ನ ಹೊಂದಿಸೋ ಬಗೆ) ಮೂರೂ ನೋಡ್ಬೇಕು. ಬ್ರೈನ್ ವಿಂಡೋ ಅಗಲ 80 ಮಧ್ಯ 40, ಮೆದುಳಿನ ಹೊದಿಕೆಯ ಕೆಳಗಿನ ರಕ್ತ ನೋಡೋ ಸಬ್‌ಡ್ಯೂರಲ್ ವಿಂಡೋ ಅಗಲ 200ರ ಆಸುಪಾಸು, ಬೋನ್ ವಿಂಡೋ ಅಗಲ 2000ಕ್ಕೂ ಮೇಲೆ. ಬ್ರೈನ್ ವಿಂಡೋ ಒಂದನ್ನೇ ನೋಡಿದ್ರೆ ಮೂಳೆಗೆ ಅಂಟಿಕೊಂಡ ತೆಳು ರಕ್ತ ಮೂಳೆಯ ಬಿಳಿಯೊಳಗೇ ಮುಳುಗಿ ಹೋಗ್ತದೆ.

ನಾನು ಮೊದಲು ನೋಡೋದು ಹೊರಗಿನ ಚರ್ಮ. ಬುಗುಟು ಎಲ್ಲಿದೆಯೋ ಪೆಟ್ಟು ಅಲ್ಲಿ, ಅದರ ಕೆಳಗೆ ಮತ್ತು ಸರಿಯಾಗಿ ಎದುರು ಬದಿಗೆ ಎರಡೂ ಕಡೆ ಹುಡುಕ್ಬೇಕು. ಆಮೇಲೆ ಕ್ರಮ: ರಕ್ತ, ಸಿಸ್ಟರ್ನ್, ಮೆದುಳು, ವೆಂಟ್ರಿಕಲ್ (ಮೆದುಳೊಳಗಿನ ನೀರಿನ ಕೋಣೆ), ಮೂಳೆ. ಮೊದಲ ಸ್ಲೈಸಲ್ಲೇ ದೊಡ್ಡ ರಕ್ತ ಕಂಡ್ರೂ ಕ್ರಮ ಬಿಡಬಾರ್ದು, ಎರಡನೇದು ತಪ್ಪೋದೇ ಆವಾಗ.

ರಕ್ತದಲ್ಲಿ ಎಕ್ಸ್‌ಟ್ರಾಡ್ಯೂರಲ್ ಅಂದ್ರೆ ಮೂಳೆಗೂ ಮೆದುಳಿನ ಹೊದಿಕೆಗೂ ನಡುವಿನ ರಕ್ತ, ಎರಡೂ ಕಡೆ ಉಬ್ಬಿದ ಮಸೂರದ ಆಕಾರ, ಹೆಚ್ಚಾಗಿ ಕಿವಿಯ ಮೇಲಿನ ಮೂಳೆ ಒಡೆದು ಮಧ್ಯ ಮೆನಿಂಜಿಯಲ್ ಅಪಧಮನಿ ಹರಿದು ಬರೋದು, ಬುರುಡೆಯ ಹೊಲಿಗೆ ಗೆರೆ ದಾಟೋದಿಲ್ಲ. ಬಿದ್ದವ ಎದ್ದು ಚಾ ಕುಡಿದು ಮಾತಾಡಿ ಒಂದೆರಡು ಗಂಟೆ ಆದ್ಮೇಲೆ ಕುಸೀತಾನಲ್ಲ, ಅದು ಇದೇ. ಬೇಗ ತೆಗೆದ್ರೆ ಪೂರ್ತಿ ಹುಷಾರಾಗೋ ಪೆಟ್ಟು ಇದು, ಹಾಗಾಗಿ ಇದನ್ನ ಕಂಡಾಗ ಮಾತ್ರ ನಾನು ಎಲ್ರ ಮೇಲೂ ಕೂಗಾಡ್ತೇನೆ. ಬೆಳ್ಳಗಿನ ರಕ್ತದ ನಡುವೆ ಕಪ್ಪು ಸುಳಿ ಕಂಡ್ರೆ ಇನ್ನೂ ರಕ್ತ ಸುರೀತಿದೆ ಅಂತ ಅರ್ಥ. ಸಬ್‌ಡ್ಯೂರಲ್ ಬಾಳೆಹಣ್ಣಿನ ಹಾಗೆ ಮೆದುಳಿನ ಮೇಲೆ ಬಾಗಿ ಹರಡಿರ್ತದೆ, ಹೊಲಿಗೆ ಗೆರೆ ದಾಟ್ತದೆ, ನಡು ಗೋಡೆ ದಾಟಲ್ಲ. ಹೊಸದು ಬೆಳ್ಳಗೆ, ಮೂರು ವಾರ ದಾಟಿದ್ದು ಕಪ್ಪಗೆ, ನಡುವಿನ ದಿನಗಳಲ್ಲಿ ಮೆದುಳಿನದ್ದೇ ಬಣ್ಣ. ಆವಾಗ ರಕ್ತ ಕಾಣಲ್ಲ, ಒಂದು ಬದಿಯ ಮಡಿಕೆಗಳು ಮೂಳೆ ತನಕ ಬಂದಿಲ್ಲ ಅನ್ನೋದೇ ಗುರುತು. ರಕ್ತಹೀನತೆ ಜೋರಿದ್ದವರಲ್ಲಿ ಹೊಸ ರಕ್ತವೂ ಬೆಳ್ಳಗೆ ಕಾಣದೇ ಇರ್ಬಹುದು, ಹಿಮೋಗ್ಲೋಬಿನ್ ನೋಡಿ. ಸಬ್‌ಅರಾಕ್ನಾಯ್ಡ್ ಅಂದ್ರೆ ಮಡಿಕೆಗಳ ನಡುವೆ ಬಿಳಿ ಗೆರೆ. ಕಂಟ್ಯೂಷನ್ (ಮೆದುಳು ಜಜ್ಜಿದ ಗಾಯ) ಹಣೆಯ ಕೆಳಭಾಗದಲ್ಲಿ ಮತ್ತು ಟೆಂಪೊರಲ್ (ಕಿವಿ ಕಡೆಯ ಮೆದುಳಿನ) ತುದಿಯಲ್ಲಿ ಉಪ್ಪು-ಮೆಣಸು ಚೆಲ್ಲಿದ ಹಾಗೆ ಇರ್ತದೆ, ಇದು ಒಂದೆರಡು ದಿನದಲ್ಲಿ ದೊಡ್ಡದಾಗೋ ಜಾತಿ.

ಸಿಸ್ಟರ್ನ್ ಅಂದ್ರೆ ಮೆದುಳಿನ ತಳದ ನೀರಿನ ಜಾಗ. ಸೆಲ್ಲಾದ (ಬುರುಡೆ ತಳದ ನಡುವಿನ ಮೂಳೆಗುಳಿ) ಮೇಲೆ ನಕ್ಷತ್ರದ ಆಕಾರ ಕಪ್ಪಗೆ ಕಾಣ್ಬೇಕು. ಅದು ಬೆಳ್ಳಗಾಗಿದ್ರೆ ರಕ್ತ, ಮಾಯ ಆಗಿದ್ರೆ ಒತ್ತಡ ಏರಿದೆ ಅಂತ, ಅದು ರಕ್ತಕ್ಕಿಂತ ಕೆಟ್ಟ ಸುದ್ದಿ. ಮಿಡ್‌ಲೈನ್ ಶಿಫ್ಟ್ ಅಳೆಯೋದು ಮುಂದಿನ ಮತ್ತು ಹಿಂದಿನ ಮೂಳೆಯ ನಡು ಉಬ್ಬಿಗೆ ಒಂದು ಗೆರೆ ಎಳೆದು, ವೆಂಟ್ರಿಕಲ್‌ಗಳ ನಡುವಿನ ತೆಳು ಪರದೆ ಅದರಿಂದ ಎಷ್ಟು ಸರಿದಿದೆ ಅಂತ. 5 ಮಿಲಿಮೀಟರ್ ದಾಟಿದ್ರೆ ಗಂಭೀರ. ರಕ್ತದ ಗಾತ್ರಕ್ಕೆ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಎರಡರಿಂದ ಭಾಗಿಸಿ. ಎಕ್ಸ್‌ಟ್ರಾಡ್ಯೂರಲ್ 30 ಮಿಲಿ ದಾಟಿದ್ರೆ ಜಿಸಿಎಸ್ ಎಷ್ಟೇ ಇರಲಿ ಆಪರೇಷನ್, ಹೊಸ ಸಬ್‌ಡ್ಯೂರಲ್ 10 ಮಿಲಿಮೀಟರಿಗಿಂತ ದಪ್ಪ ಅಥವಾ ಶಿಫ್ಟ್ 5ಕ್ಕಿಂತ ಹೆಚ್ಚಿದ್ರೆ ಆಪರೇಷನ್ ಅನ್ನೋದು ಎಲ್ಲಾ ಕಡೆ ಒಪ್ಪಿದ ಲೆಕ್ಕ.

ಮೂಳೆಯಲ್ಲಿ ಹೊಲಿಗೆ ಗೆರೆ ಅಂಕುಡೊಂಕು, ಅಂಚು ನುಣುಪು, ಎರಡೂ ಬದಿಗೂ ಇರ್ತದೆ. ಒಡಕು ನೇರ, ಅಂಚು ಚೂಪು, ಮೇಲೆ ಬುಗುಟು. ತಲೆಯೊಳಗೆ ಕಪ್ಪು ಗಾಳಿ ಗುಳ್ಳೆ, ಸ್ಫೀನಾಯ್ಡ್ ಸೈನಸಲ್ಲಿ (ಮೂಗಿನ ಹಿಂದಿನ ಗಾಳಿಗೂಡು) ನೀರಿನ ಮಟ್ಟ, ಕಿವಿ ಹಿಂದಿನ ಮೂಳೆಯಲ್ಲಿ ಗಾಳಿ ಬದಲು ದ್ರವ ಕಂಡ್ರೆ ಬುರುಡೆ ತಳ ಒಡೆದಿರೋದನ್ನ ಹುಡುಕಿ. ಬುರುಡೆ ತಳ ಒಡೆದವರಲ್ಲಿ ಕಾಣೋ ಕಿವಿ ಹಿಂದಿನ ನೀಲಿ ಮಚ್ಚೆ ಬರೋಕೆ ಒಂದು ದಿನವೇ ಬೇಕಾಗಬಹುದು, ಬಂದ ತಕ್ಷಣ ಇಲ್ಲ ಅಂದ ಮಾತ್ರಕ್ಕೆ ಒಡೆದಿಲ್ಲ ಅಂತಲ್ಲ. ಇಂಥವರಿಗೆ ಮೂಗಿನಿಂದ ಟ್ಯೂಬ್ ಹಾಕಬಾರ್ದು, ಬಾಯಿಂದ.

ರಕ್ತದ ಹಾಗೆ ಕಂಡು ಮೋಸ ಮಾಡೋ ಬಿಳಿಗಳು, ಮೆದುಳಿನ ಈ ಭಾಗಗಳಲ್ಲಿ: ಪೀನಿಯಲ್, ಕೊರಾಯ್ಡ್ ಪ್ಲೆಕ್ಸಸ್, ವಯಸ್ಸಾದವರ ಬೇಸಲ್ ಗ್ಯಾಂಗ್ಲಿಯಾದಲ್ಲಿ ಎರಡೂ ಕಡೆ ಸುಣ್ಣ. ಹಿಂದಲೆಯ ಕೆಳಭಾಗದಲ್ಲಿ ದಪ್ಪ ಮೂಳೆಗಳ ನಡುವೆ ಬರೋ ಕಪ್ಪು ಪಟ್ಟೆಗಳು ಬರೀ ಮಶಿನ್ನಿನ ದೋಷ.

ಹಂತ 6: ಸರ್ಜನ್ನಿಗೆ ಫೋನು

ರಾತ್ರಿ ರಿಪೋರ್ಟ್ ಬರೋದು ತಡ, ಅದಕ್ಕೆ ಕಾಯೋದು ಬೇಡ. ಫೋನಲ್ಲಿ ಕಥೆ ಹೇಳ್ಬೇಡಿ. ವಯಸ್ಸು, ಪೆಟ್ಟಾದ ಟೈಮ್, ಬಂದಾಗಿನ ಮತ್ತು ಈಗಿನ ಜಿಸಿಎಸ್, ಪಾಪೆ, ಬಿಪಿ, ರಕ್ತ ತೆಳು ಮಾತ್ರೆ ಇದೆಯಾ, ಆಮೇಲೆ ಸಿಟಿ: ಯಾವ ಬದಿ, ಯಾವ ಥರ, ಎಷ್ಟು ದಪ್ಪ, ಶಿಫ್ಟ್ ಎಷ್ಟು, ಸಿಸ್ಟರ್ನ್ ತೆರೆದಿದೆಯಾ. ವಾಟ್ಸಾಪಲ್ಲಿ ಲೈಟಿಗೆ ಹಿಡಿದ ಫಿಲ್ಮಿನ ಫೋಟೋ ಕಳ್ಸಿದ್ರೆ ಟ್ಯೂಬ್‌ಲೈಟೇ ಕಾಣೋದು. ಪರದೆ ಮೇಲೆ ಕೆಳಗಿಂದ ಮೇಲಿನ ತನಕ ನಿಧಾನ ಸ್ಕ್ರೋಲ್ ಮಾಡಿ ವೀಡಿಯೋ ತೆಗೀರಿ, ಒಮ್ಮೆ ಬ್ರೈನ್ ವಿಂಡೋ ಒಮ್ಮೆ ಬೋನ್, ಪೇಶಂಟ್ ಹೆಸರು ಮುಚ್ಚಿ. ಪೂರ್ತಿ ಇಮೇಜ್ ಸೀಡಿ ಅಥವಾ ಪೆನ್‌ಡ್ರೈವಲ್ಲಿ ಪೇಶಂಟ್ ಜೊತೆಗೇ ಹೋಗ್ಲಿ, ಇಲ್ಲಾಂದ್ರೆ ಅಲ್ಲಿ ಮತ್ತೊಂದು ಸ್ಕ್ಯಾನ್. ಎಂಎಲ್‌ಸಿ (ಪೊಲೀಸ್ ಕೇಸಿನ ವೈದ್ಯಕೀಯ ದಾಖಲೆ) ಬರೆಯೋದು ಕಡ್ಡಾಯ, ಆದ್ರೆ ಅದಕ್ಕೋಸ್ಕರ ಗಾಡಿ ನಿಲ್ಸಬೇಡಿ.

ಹಂತ 7: ಸಿಟಿ ನಾರ್ಮಲ್ ಬಂದ್ರೆ?

ಇಲ್ಲೇ ಎಲ್ರೂ ಸಡಿಲ ಆಗೋದು. ಸಿಟಿ ಹೇಳೋದು ತೆಗೆದ ಆ ಹೊತ್ತಿನ ವಿಷಯ ಮಾತ್ರ. ಪೆಟ್ಟಾಗಿ ಅರ್ಧ ಗಂಟೆಯೊಳಗೆ ತೆಗೆದ ಸಿಟಿಯಲ್ಲಿ ಇಲ್ಲದ ಕಂಟ್ಯೂಷನ್ ಸಂಜೆ ಹೊತ್ತಿಗೆ ಇರ್ಬಹುದು. ಸಿಟಿ ನಾರ್ಮಲ್ ಇದ್ದು ಜಿಸಿಎಸ್ 7 ಇದ್ರೆ ಮೆದುಳಿನ ನರತಂತುಗಳೇ ಉದ್ದಕ್ಕೂ ಹರಿದಿರಬಹುದು, ಅದು ಸಿಟಿಗೆ ಸಿಗೋದು ಕಡಿಮೆ, ಎಂಆರ್‌ಐ ಬೇಕು, ಅಂಥವರನ್ನೂ ರೆಫರ್ ಮಾಡ್ಬೇಕು. ಜಿಸಿಎಸ್ ಎರಡು ಅಂಕ ಇಳಿದ್ರೆ, ತಲೆನೋವು ಏರ್ತಾ ಹೋದ್ರೆ, ಹೊಸದಾಗಿ ವಾಂತಿ ಅಥವಾ ಫಿಟ್ಸ್ ಬಂದ್ರೆ ಮತ್ತೊಮ್ಮೆ ಸಿಟಿ, "ಬೆಳಿಗ್ಗೆ ತಾನೇ ಮಾಡಿದ್ವಲ್ಲ" ಅನ್ನೋ ಮಾತು ಬೇಡ.

ಸಿಟಿ ನಾರ್ಮಲ್, ಜಿಸಿಎಸ್ 15, ರಕ್ತ ತೆಳು ಮಾತ್ರೆ ಇಲ್ಲ, ವಾಂತಿ ನಿಂತಿದೆ, ನೋಡ್ಕೊಳ್ಳೋಕೆ ದೊಡ್ಡವರೊಬ್ರು ಇದಾರೆ ಅಂದ್ರೆ ಮನೆಗೆ ಕಳ್ಸಬಹುದು. ಆದ್ರೆ ಮನೆ ಎಲ್ಲಿ ಅಂತ ಕೇಳಿ. ಜೋಯಿಡಾದ ಕಾಡೊಳಗಿನ ಹಳ್ಳಿ, ಮೊಬೈಲ್ ಸಿಗ್ನಲ್ ಇಲ್ಲ, ಮಳೆ ಬಂದ್ರೆ ಸಂಕ (ಹಳ್ಳದ ಕಾಲುಸೇತುವೆ) ದಾಟೋಕೆ ಆಗಲ್ಲ ಅಂದ್ರೆ ಅವತ್ತು ರಾತ್ರಿ ವಾರ್ಡಲ್ಲೇ ಇಟ್ಕೊಳ್ಳಿ, ಬೆಡ್ ಇಲ್ಲದಿದ್ರೆ ಪೇಟೆಯಲ್ಲಿ ನೆಂಟರ ಮನೆ ಹುಡುಕೋಕೆ ಹೇಳಿ. ಚೀಟಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರ್ಕೊಡಿ: ಎಬ್ಬಿಸಿದ್ರೆ ಏಳದಿದ್ರೆ, ಮತ್ತೆ ಮತ್ತೆ ವಾಂತಿ ಆದ್ರೆ, ಮಾತು ತೊದಲಿದ್ರೆ, ಕೈಕಾಲು ಸೋತ್ರೆ, ಫಿಟ್ಸ್ ಬಂದ್ರೆ, ಮೂಗು-ಕಿವಿಯಿಂದ ನೀರಿನ ಥರ ಸೋರಿದ್ರೆ ತಕ್ಷಣ ಬನ್ನಿ. ಎರಡು ದಿನ ಸಾರಾಯಿ ಇಲ್ಲ, ಗಾಡಿ ಓಡ್ಸೋದಿಲ್ಲ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ.

ವಯಸ್ಸಾದವರ ಮನೆಯವರಿಗೆ ಇನ್ನೊಂದು ಸಾಲು ಸೇರಿಸಿ: ಮೂರ್ನಾಲ್ಕು ವಾರ ಆದ್ಮೇಲೆ ಅಜ್ಜಿ ಸುಮ್ಮನೆ ಮಂಕಾಗಿ ಕೂತ್ರೆ, ನಡೆಯೋವಾಗ ಒಂದು ಬದಿಗೆ ಎಳೆದ್ರೆ, ಮರೆವು ಜಾಸ್ತಿ ಆದ್ರೆ ವಯಸ್ಸಾಯ್ತು ಅಂತ ಬಿಡದೇ ಕರ್ಕೊಂಡು ಬನ್ನಿ, ಬರೋವಾಗ ಹಳೇ ಸಿಟಿ ಫಿಲ್ಮನ್ನೂ ತನ್ನಿ.